ಎಡಗಡೆ ಎಣ್ಣೆ

ಅರಸೀಕೆರೆ ಸ್ಟೇಷನ್ನಿನ ಮೆಟ್ಟಿಲು ಇಳಿದರೆ
ಎರಡು ಕುರ್ಚಿ, ಮೂರು ಕನ್ನಡಿ, ಒಂದು ಪೊರಕೆ.
ಮೂವತ್ತೊಂದು ವರ್ಷ ಊರಿನ ಕೂದಲು ಗುಡಿಸಿದ್ದೇನೆ.
ಬಿದ್ದದ್ದಕ್ಕೆ ಲೆಕ್ಕ ಇಡುತ್ತಾರೆ ಜನ,
ಬೆಳೆದದ್ದಕ್ಕೆ ಇಡುವುದಿಲ್ಲ.
ಬೆಳೆದರೆ ಎಣ್ಣೆಯ ಹೆಸರು,
ಬೆಳೆಯದಿದ್ದರೆ ಅಪ್ಪನ ಹೆಸರು.

ಭಾಮೈದ ನಾಗಭೂಷಣ ಕಡೂರಿಂದ
ಪ್ಯಾಸೆಂಜರ್ ಗಾಡಿಯಲ್ಲಿ ಡಬ್ಬ ಹೊತ್ತು ತಂದ.
ಇಪ್ಪತ್ತೊಂದು ಬೇರು, ಹಸಿರು ಬಣ್ಣ,
ಶೀಶೆಯ ಮೇಲೆ ಮೊಣಕಾಲು ಮುಟ್ಟುವ ಜಡೆಯ ಹೆಂಗಸು.
ಒಂದು ಮಾರಿದರೆ ನನಗೆ ತೊಂಬತ್ತು.
‘ಬೆಳೆಯುತ್ತೇನೋ?’ ಅಂದೆ.
‘ಜನ ಹೇಳ್ತಾರೆ ಭಾವ’ ಅಂದ.
ಜನ ನನಗೂ ಹೇಳುತ್ತಾರೆ.
ಕತ್ತಿ ಕುತ್ತಿಗೆಯ ಹತ್ತಿರ ಇರುವಾಗ
ಎಲ್ಲರೂ ನನ್ನ ಮಾತಿಗೆ ಹೂಂ ಅನ್ನುವವರೇ.

ಆ ವಾರವೇ, ರೈಲು ತಡವಾಗಿ,
ಹಾಸನದ ಆಸ್ಪತ್ರೆಯ ಚರ್ಮದ ಡಾಕ್ಟರ ಹುಡುಗನೊಬ್ಬ
ಗಡ್ಡಕ್ಕೆ ಕೂತಿದ್ದ. ನೊರೆಯೊಳಗಿಂದಲೇ ಹೇಳಿದ:
‘ಅರ್ಧ ಮುಖಕ್ಕೆ ಒಂದು, ಅರ್ಧಕ್ಕೆ ಇನ್ನೊಂದು ಹಚ್ಚಿ ನೋಡ್ತೀವಿ.
ಯಾವುದು ಯಾವುದೆಂದು ಹಚ್ಚುವವನಿಗೂ ಗೊತ್ತಿರಬಾರದು.
ಗೊತ್ತಿದ್ದರೆ ಕಣ್ಣು ಸುಳ್ಳು ಹೇಳುತ್ತೆ.’

ಪಂಚಾಕ್ಷರಯ್ಯನವರು, ರಿಟೈರ್ಡ್ ಟಿ.ಸಿ.,
ನೆತ್ತಿ ನುಣ್ಣನೆ ಕೆರೆ, ದಂಡೆಯಲ್ಲಷ್ಟೇ ಹುಲ್ಲು.
ಪುಕ್ಕಟೆ ಅಂದೊಡನೆ ಒಪ್ಪಿದರು.
ಮನೆಯಲ್ಲಿ ಜಲಜಾಕ್ಷಿ
ಕೊಬ್ಬರಿ ಎಣ್ಣೆಯಲ್ಲಿ ವೀಳ್ಯದೆಲೆ ಕಾಯಿಸಿ ಹಸಿರು ತಂದಳು,
ವಾಸನೆ ಗುರುತು ಹತ್ತದಂತೆ ಎರಡಕ್ಕೂ ಚಿಟಿಕೆ ಕರ್ಪೂರ.
ಕೆಂಪು ದಾರದ ಶೀಶೆ ಎಡಕ್ಕೆ, ಕಪ್ಪು ದಾರದ್ದು ಬಲಕ್ಕೆ.
ಯಾವುದರಲ್ಲಿ ಏನು, ಅವಳಿಗೆ ಮಾತ್ರ ಗೊತ್ತು.
‘ನಾನೇ ಕೇಳಿದರೂ ಹೇಳಬೇಡ’ ಅಂದೆ.

ಲಗ್ನಪತ್ರಿಕೆಯ ರಟ್ಟಿಗೆ ರೂಪಾಯಿಯಷ್ಟು ತೂತು.
ಎಡಗಿವಿಯಿಂದ ನಾಲ್ಕು ಬೆರಳು, ಬಲಗಿವಿಯಿಂದ ನಾಲ್ಕು ಬೆರಳು
ಅಳೆದು, ಇಟ್ಟು, ಹಲ್ಲುಕಡ್ಡಿಯಿಂದ ಎಣಿಸಿ ಬರೆದೆ:
ಎಡ ಹತ್ತೊಂಬತ್ತು. ಬಲ ಇಪ್ಪತ್ತು.

ಶನಿವಾರ ಶನಿವಾರ ಬಂದರು.
ಮೂರನೇ ತಿಂಗಳು: ‘ಎಡಗಡೆ ಚುರುಚುರು ಅಂತದೆ ಕಣಯ್ಯ.’
ನಾಲ್ಕನೇ ತಿಂಗಳು: ‘ಮೊಳಕೆ! ಬೆರಳಿಗೇ ಸಿಗ್ತದೆ!’
ಐದಕ್ಕೆ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡರು,
ಹನ್ನೆರಡು ವರ್ಷದ ಮೇಲೆ.
ನನ್ನ ನೋಟ್‌ಬುಕ್ಕಿನಲ್ಲಿ
ಎಡ ಹತ್ತೊಂಬತ್ತು. ಬಲ ಇಪ್ಪತ್ತು. ಎಡ ಹತ್ತೊಂಬತ್ತು.
‘ನಿನ್ನ ಕನ್ನಡಕ ಬದಲಾಯಿಸು’ ಅಂದರು.
ಸುಳ್ಳೇಕೆ, ಒಂದು ಸಲ ನಾನೂ ಇಪ್ಪತ್ತು ಎಣಿಸಿದೆ,
ಮತ್ತೆ ಎಣಿಸಿ ಹೊಡೆದುಹಾಕಿದೆ.

ಆರು ತಿಂಗಳು ತುಂಬಿದ ರಾತ್ರಿ ಜಲಜಾಕ್ಷಿಯನ್ನು ಕೇಳಿದೆ.
ಅವಳು ಅಕ್ಕಿ ಆರಿಸುತ್ತಿದ್ದಳು.
‘ಎಡದ್ದು ನನ್ನ ತಮ್ಮನದೇ’ ಅಂದಳು.
ಕಲ್ಲೊಂದು ಸಿಕ್ಕಿತು, ಬಾಗಿಲಾಚೆ ಎಸೆದಳು.
‘ಆದರೆ ಅದು ಎರಡನೇ ತಿಂಗಳಿಗೇ ಮುಗಿದಿತ್ತು.
ಅವನು ಮತ್ತೆ ಬರಲಿಲ್ಲ.
ಎರಡಕ್ಕೂ ಕೊಬ್ಬರಿಯೇ ತುಂಬಿಸಿದೆ.’
‘ಹೇಳಬಾರದಿತ್ತೇನೇ?’
‘ಹೇಳಬೇಡ ಅಂದವರು ನೀವಲ್ಲವೇ?’

ನಾಲ್ಕು ತಿಂಗಳು ಹಾಗಾದರೆ
ಕೊಬ್ಬರಿಗೂ ಕೊಬ್ಬರಿಗೂ ಪಂದ್ಯ.
ಚುರುಗುಟ್ಟಿದ್ದು ದಾರದ ಕೆಂಪೋ,
ನನ್ನ ಎಡಗೈ ಬಲಗೈಗಿಂತ ಬಿರುಸೋ,
ಅಥವಾ ಮುಟ್ಟುವವರೇ ಇಲ್ಲದ ತಲೆಯೊಂದನ್ನು
ಶನಿವಾರಕ್ಕೊಮ್ಮೆ ಯಾರೋ ಮುಟ್ಟಿದ್ದೋ.
ಅದಕ್ಕೆ ನನ್ನ ಹತ್ತಿರ ರಟ್ಟಿನ ತೂತಿಲ್ಲ.

ಶನಿವಾರ ಎಲ್ಲ ಹೇಳಿದೆ.
ಟಿಕೆಟ್ಟಿಲ್ಲದವನ ಕಥೆ ಕೇಳುತ್ತಿದ್ದ ಮುಖದಲ್ಲೇ
ಪೂರ್ತಿ ಕೇಳಿದರು.
ಆಮೇಲೆ ಬಾಚಣಿಗೆ ತೆಗೆದು, ಕನ್ನಡಿಗೆ ಬಗ್ಗಿ,
ಎಡಗಡೆ ಒಮ್ಮೆ ಎಳೆದುಕೊಂಡರು.
‘ಇರಲಿ. ಕೆಂಪು ದಾರದ್ದೇ ಹಾಕು.’

ನಾಗಭೂಷಣನ ಉಳಿದ ಶೀಶೆಗಳನ್ನು
ಜಡೆಯ ಹೆಂಗಸು ಗೋಡೆಗೆ ಮುಖ ಮಾಡುವಂತೆ ತಿರುಗಿಸಿಟ್ಟಿದ್ದೇನೆ.
ಯಾರಾದರೂ ಕೇಳಿದರೆ ನೋಟ್‌ಬುಕ್ ಕೊಡುತ್ತೇನೆ.
ಓದುವುದಿಲ್ಲ ಯಾರೂ.
‘ಬೆಲೆ ಎಷ್ಟು?’ ಅನ್ನುತ್ತಾರೆ.