ವಾರಕ್ಕೊಂದು

ಅರಸೀಕೆರೆ ಸ್ಟೇಷನ್ ರಸ್ತೆಯ ಜೇನುಕಲ್ ಮೆಡಿಕಲ್ಸಿನಲ್ಲಿ
ಆರು ವರ್ಷದಿಂದ ನಾನಿದ್ದೇನೆ,
ಲೈಸೆನ್ಸಿನ ಪಕ್ಕ, ಗಾಜಿನ ಚೌಕಟ್ಟಿನೊಳಗೆ:
ಎರಡು ಜಡೆ, ಇಪ್ಪತ್ತೊಂದರ ಮುಖ,
ಗಲ್ಲದ ಮೇಲೆ ಕೌನ್ಸಿಲ್ಲಿನ ಸೀಲು.
ಬೆಳಗಿನ ಊದುಬತ್ತಿ ನನಗೂ ಸಲ್ಲುತ್ತದೆ,
ಲಕ್ಷ್ಮಿಯ ಪಟ ಪಕ್ಕದಲ್ಲೇ ಇರುವುದರಿಂದ.

ನಾನು ಮಾತ್ರ ರೈಲ್ವೆ ಗೇಟಿನಾಚೆ, ಮನೆಯಲ್ಲಿ,
ಸೀರೆಗೆ ಫಾಲ್ ಹಾಕುತ್ತಿರುತ್ತೇನೆ.
ತಿಂಗಳ ಐದಕ್ಕೆ ಮರುಳಸಿದ್ದಪ್ಪನವರ ಹುಡುಗ
ಕವರು ತಂದುಕೊಡುತ್ತಾನೆ. ಮೂರೂವರೆ ಸಾವಿರ.
ಹೆಸರಿನ ಬಾಡಿಗೆ.
ತಪ್ಪು ಅನ್ನಿಸಲಿಲ್ಲವೇ ಎಂದು ಕೇಳಬೇಡಿ.
ಅನ್ನಿಸಿತ್ತು. ಮೊದಲ ಎರಡು ತಿಂಗಳು.

ಮೊನ್ನೆ ಮಂಗಳವಾರ ಫೋನು:
"ಹಾಸನದಿಂದ ಇನ್ಸ್‌ಪೆಕ್ಟರ್ ಹೊರಟವ್ರಂತೆ ಜಲಜಾಕ್ಷಮ್ಮ,
ಕೋಟು ಹಾಕ್ಕೊಂಡು ಬೇಗ ಬಂದ್ಬಿಡಿ."
ಓಡಿದೆ. ಬೀರುವಿನ ಮಡಿಕೆ ಬಿಡದ ಬಿಳಿ ಕೋಟು,
ಜೇಬಿನಲ್ಲಿ ನುಸಿಗುಳಿಗೆ.

ಹುಡುಗ ಓಂಕಾರಿ ರಿಜಿಸ್ಟರಿನ ಖಾಲಿ ಸಾಲುಗಳಿಗೆ
ಡಾಕ್ಟರ ಹೆಸರು, ರೋಗಿಯ ಹೆಸರು ತುಂಬುತ್ತಿದ್ದ
ಮೂರು ಪೆನ್ನಿನಲ್ಲಿ, ಮೂರು ದಿನ ಅನ್ನಿಸಲೆಂದು.
ಫ್ರಿಜ್ಜಿನಿಂದ ಮೊಸರಿನ ಡಬ್ಬಿ ಹೊರಬಂತು,
ಇನ್ಸುಲಿನ್ನಿಗೆ ಅದರ ಜಾಗ ಸಿಕ್ಕಿತು.

ಆಗ ಬಂದಳು ಬಾಣಾವರದ ಕಡೆಯ ಮುದುಕಿ.
ಕಾಯಿ ಸುಲಿದು ಸುಲಿದು ಗಂಟುಗಟ್ಟಿದ ಬೆರಳು.
ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ
ಪ್ಲಾಸ್ಟಿಕ್ ಚೀಲ ಕೌಂಟರಿಗೆ ಸುರಿದಳು:
"ಇದೇ ಕೊಡವ್ವ, ಕೀಲ್ನೋವಿಂದು. ಮುಗ್ದೋಯ್ತು."

ಹಳದಿ ಪುಟ್ಟ ಮಾತ್ರೆ, ಹತ್ತರ ಪಟ್ಟಿ.
ಬೆನ್ನ ಮೇಲೆ ಕೆಂಪು ಗೆರೆ.
"ಯಾವತ್ತು ತಗೊಂಡಿದ್ದು?"
"ಹುಣ್ಣಿಮೆ ಮಾರನೇ ದಿನ."
ಬೆರಳಲ್ಲಿ ಎಣಿಸಿದೆ. ಹನ್ನೊಂದು.
ಇನ್ನೊಮ್ಮೆ ಎಣಿಸಿದೆ.

ಚೀಟಿಯಲ್ಲಿ ಡಾಕ್ಟರರ ಇರುವೆ ಸಾಲು:
ವಾರಕ್ಕೊಂದು, ಭಾನುವಾರ ಮಾತ್ರ.
ಕವರಿನ ಮೇಲೆ ಓಂಕಾರಿಯ ದುಂಡು ಅಕ್ಷರ:
ದಿನಕ್ಕೊಂದು, ಊಟ ಆದ ಮೇಲೆ.

"ಬಾಯಿ ತೆಗೀರಿ."
ತೆಗೆದಳು. ನಾಲಿಗೆಯ ಅಂಚು, ತುಟಿಯ ಒಳಮೈ
ಹುಣ್ಣಿಗೆ ಹುಣ್ಣು ಕೂಡಿ ಒಂದೇ ಆಗಿತ್ತು.
"ಖಾರ ಜಾಸ್ತಿ ಆಯ್ತೇನೋ ಅಂದ್ಕೊಂಡೆ ಕಣವ್ವ."

ಎರಡನೇ ವರ್ಷ ಇದೇ ಪ್ರಶ್ನೆ ಬಂದಿತ್ತು, ಐದು ಅಂಕ.
ಐದಕ್ಕೆ ಐದು.

ಬಿಲ್ಲಿನ ತಳದಲ್ಲಿ ರಬ್ಬರ್ ಸ್ಟಾಂಪು.
ಔಷಧ ವಿತರಿಸಿದವರು: ನನ್ನ ಹೆಸರು, ನನ್ನ ನಂಬರು.
ಹುಣ್ಣಿಮೆಯ ಮಾರನೇ ದಿನ
ನಾನು ಯಾರದೋ ಧಾರೆ ಸೀರೆಗೆ ಕುಚ್ಚು ಕಟ್ಟುತ್ತಿದ್ದೆ.

ಆಟೋ ಕರೆಸಿದೆ. ಚೀಟಿಯ ಹಿಂದೆ ದಪ್ಪಗೆ ಬರೆದೆ:
ಹತ್ತು ದಿನ, ಹತ್ತು ಮಾತ್ರೆ. ರಕ್ತ ಪರೀಕ್ಷೆ ಈಗಲೇ ಆಗಬೇಕು.
ಕೆಳಗೆ ಸಹಿ.
ಈ ಅಂಗಡಿಯಲ್ಲಿ ನಾನು ಕೈಯಾರೆ ಹಾಕಿದ ಮೊದಲನೆಯದು.
ಮುದುಕಿ ಆಟೋದಿಂದ ಕತ್ತು ಹೊರಹಾಕಿ
"ಮಾತ್ರೆ ಕೊಡಲೇ ಇಲ್ವಲ್ಲ" ಅಂದಳು.

ಇನ್ಸ್‌ಪೆಕ್ಟರ್ ಬಂದದ್ದು ಮೂರಕ್ಕೆ.
ಲೈಸೆನ್ಸ್ ನೋಡಿದರು, ಥರ್ಮಾಮೀಟರ್ ನೋಡಿದರು,
ಪಟದ ಮುಖಕ್ಕೂ ನನ್ನ ಮುಖಕ್ಕೂ ತಾಳೆ ಹಾಕಿ
"ಸ್ವಲ್ಪ ಬದಲಾಗಿದೀರ" ಎಂದು ನಕ್ಕರು.
ಹೇಳಲೇ?
ಹೊರಗೆ ಮರುಳಸಿದ್ದಪ್ಪ ನಿಂತು ಎಳನೀರು ಕೆತ್ತಿಸುತ್ತಿದ್ದರು.
ಹೇಳಲಿಲ್ಲ.
ಅವರು ಬರೆದುಕೊಂಡರು:
ಫಾರ್ಮಸಿಸ್ಟ್ ಹಾಜರು. ಲೋಪ ಕಂಡುಬಂದಿಲ್ಲ.

ರಾತ್ರಿ ಮುದುಕಿಯ ಮಗನ ನಂಬರಿಗೆ ಹಚ್ಚಿದೆ.
ರಿಂಗಾಗಿ ರಿಂಗಾಗಿ ನಿಂತಿತು.
ಹೊಲಿಗೆ ಪೆಟ್ಟಿಗೆ ತೆರೆದೆ, ದಾರ ಪೋಣಿಸಿದೆ,
ಸೂಜಿ ಎತ್ತಲಾಗಲಿಲ್ಲ.

ಬುಧವಾರ ಒಂಬತ್ತಕ್ಕೆ, ಶಟರ್ ಇನ್ನೂ ಅರ್ಧ ಏರುವಾಗಲೇ
ಹೋಗಿ ನಿಂತೆ.
"ಇವತ್ತು ಇನ್ಸ್‌ಪೆಕ್ಷನ್ ಏನೂ ಇಲ್ವಲ್ಲಮ್ಮ?"
"ಗೊತ್ತು" ಅಂದೆ. "ಆ ಸ್ಟೂಲು ಇತ್ತ ಜರುಗಿಸಿ.
ಮೊಸರಿನ ಡಬ್ಬಿ ಮನೆಗೆ ಕಳಿಸಿ."