ಉಣ್ಣೋ ಕೈ ಕಡೆ

ಎಮ್ಮೆ ಕಟ್ಟುತ್ತಿದ್ದ ಹಗ್ಗ, ತೊಳೆದು ಒಣಗಿಸಿ
ಹದಿಮೂರು ಗಂಟು ಹಾಕಿದ್ದೇನೆ.
ಗಂಟಿಗೊಂದು ಮಗು.
ಕೊನೇ ಗಂಟು ಆಯಾ ಕೆಂಪಾಜಮ್ಮನದು,
ಮುಂದಿನ ತುದಿ ನನ್ನ ಸೊಂಟಕ್ಕೆ.

ಗುರುವಾರ ತೂಕದ ದಿನ.
ತಕ್ಕಡಿ ಇರುವುದು ಆಚೆ ದಡ, ನರ್ಸಮ್ಮನ ಕೋಣೆಯಲ್ಲಿ;
ನಡುವೆ ಮಂಡ್ಯದ ಫ್ಯಾಕ್ಟರಿ ರಸ್ತೆ,
ಕಬ್ಬು ಹೇರಿಕೊಂಡ ಟ್ರ್ಯಾಕ್ಟರು, ಬಾಲಕ್ಕೆ ಎರಡೆರಡು ಟ್ರೈಲರು,
ಹಾಡು ಹಾಕಿಕೊಂಡ ಡ್ರೈವರಿಗೆ
ಹಿಂದೇನು ತೂಗಾಡುತ್ತಿದೆಯೋ ಗೊತ್ತಿಲ್ಲ.

ಬಲ ಅಂದ್ರೆ ಯಾವುದು ಮಿಸ್?
ನಾಲ್ಕು ವರ್ಷಕ್ಕೆ ಬಲವಿಲ್ಲ, ಎಡವಿಲ್ಲ,
ಹಸಿವು ಮಾತ್ರ ಇದೆ. ಅದಕ್ಕೇ ಹೇಳಿಕೊಟ್ಟೆ:
ಮೊದಲು ಉಣ್ಣೋ ಕೈ ಕಡೆ ನೋಡಿ,
ಆಮೇಲೆ ತೊಳ್ಕೊಳ್ಳೋ ಕೈ ಕಡೆ
(ನಗುತ್ತಾರೆ, ಪ್ರತಿಸಲ ನಗುತ್ತಾರೆ),
ತಿರುಗಿ ಉಣ್ಣೋ ಕೈ ಕಡೆ.
ಸದ್ದು ಕಿವಿಯಿಂದ ಪೂರಾ ಇಳಿದ ಮೇಲೆ ಕಾಲು.
ಓಡಬಾರದು. ಓಡಿದರೆ ಚಪ್ಪಲಿ ನಡುರಸ್ತೆಯಲ್ಲಿ ಉಳಿಯುತ್ತೆ,
ಚಪ್ಪಲಿಗೆಂದು ಮಗು ಹಿಂದಕ್ಕೆ ಬಗ್ಗುತ್ತೆ.

ಕಬ್ಬು ಬಿದ್ರೂ ಬಿಡಿ ಕಣ್ರೋ, ನಾನೇ ಕೊಡಿಸ್ತೀನಿ.
ಹೀಗನ್ನುವಾಗ ನನ್ನ ಮಂಡಿಯ ಹಳೇ ಕಲೆ
ಸೀರೆಯೊಳಗೆ ಕೆಮ್ಮುತ್ತದೆ.
ಆಗ ಎತ್ತಿನ ಗಾಡಿ, ಜಗ್ಗಿದರೆ ಜಲ್ಲೆ,
ಗಾಡಿಯವನ ಬೈಗುಳವೂ ಸಿಹಿ.
ಈಗ ಕೈ ಚಾಚುವಷ್ಟರಲ್ಲಿ ಚಕ್ರ ಬಂದಿರುತ್ತದೆ.

ಏಳನೇ ಗಂಟಿನ ಬಿಂದುಶ್ರೀ ಎಡಚಿ.
ಅವಳಜ್ಜಿ ಕೈಗೆ ಬಾರಿಸಿ ತಿದ್ದುತ್ತಾಳೆ,
ನಾನೂ ಉಪ್ಪಿಟ್ಟಿನ ಚಮಚ ಎರಡು ಸಲ ಬದಲಿಸಿದವಳೇ.
ನಿನ್ನೆ ಹನ್ನೊಂದು ತಲೆ ಬಲಕ್ಕೆ ತಿರುಗಿ ನಿಂತಾಗ
ಒಂದೇ ಒಂದು ಜುಟ್ಟು ಎಡಕ್ಕೆ.
ತಪ್ಪು ಬಿಂದೂ, ಅನ್ನಲು ಬಾಯಿ ತೆರೆದೆ.
"ಮಿಸ್, ಈ ಕಡೆಯಿಂದ ಬೈಕ್ ಬತ್ತಾ ಅದೆ."

ಬಂತು.
ರಾಂಗ್ ಸೈಡಿನಲ್ಲಿ, ಎರಡೂ ಪಕ್ಕ ಹಾಲಿನ ಕ್ಯಾನು,
ಕಿವಿಗೂ ಭುಜಕ್ಕೂ ನಡುವೆ ಫೋನು,
ಹಗ್ಗದಿಂದ ಒಂದು ಗೇಣು.
ಅವನು ನಮ್ಮನ್ನು ನೋಡಲೇ ಇಲ್ಲ.
ಕೆಂಪಾಜಮ್ಮ ಅವನಿಗೆ ಅಂದ ಮಾತನ್ನು
ಮಕ್ಕಳು ಒಂದೇ ಸಲಕ್ಕೆ ಕಲಿತರು.

ಆಮೇಲೆ ದಾಟಿದೆವು. ತೂಕವಾಯಿತು.
ಬಿಂದುಶ್ರೀ ಹನ್ನೆರಡೂವರೆ ಕಿಲೋ.
ನರ್ಸಮ್ಮ "ಕಮ್ಮಿ" ಅಂತ ಬರೆದುಕೊಂಡರು.

ಇವತ್ತು ಬೋರ್ಡಿನ ಮೇಲಿನ ಎರಡು ಕೈಯ ಚಿತ್ರಕ್ಕೆ
ಎರಡರಲ್ಲೂ ಒಂದೊಂದು ತುತ್ತು ಬರೆದೆ.
ಮಧ್ಯಾಹ್ನ ಮೊಟ್ಟೆ ಹಂಚುವಾಗ
ಅವಳು ನನ್ನ ಮುಖ ನೋಡಿ ಬಲಗೈ ಚಾಚಿದಳು.
ಯಾವ ಕೈಲಾದ್ರೂ ತಿನ್ನವ್ವ, ಅಂದೆ.
ಮೊಟ್ಟೆ ಅವಳ ಎರಡು ಕೈಗಳ ನಡುವೆ
ದಾಟಲೋ ಬೇಡವೋ ಅಂತ
ಸ್ವಲ್ಪ ಹೊತ್ತು ನಿಂತಿತ್ತು.