ಎಡಕ್ಕೆ ವಾಲಿದ ಬೆಳಕು

ಮುರಿದದ್ದು ಓಡುವಾಗಲ್ಲ, ಇಶ್‌ಬೆಲ್,
ನಿಂತಲ್ಲೇ.
ರಾತ್ರಿ ಠಣ್ಣೆಂದಾಗ ನೀನು
ಬೆಕ್ಕು ಬಟ್ಟಲು ಬೀಳಿಸಿತೆಂದು ಬೈದು ಮಲಗಿದೆ.
ಚಳಿಗಾಲವಿಡೀ ಹಾಗೇ ಓಡಿಸಿದೆ.

ಇಪ್ಪತ್ತೆರಡು ವರ್ಷ
ಲೂಯಿಸ್ ದ್ವೀಪದ ಉಪ್ಪುಗಾಳಿ ಕುಡಿದ ಕಾರು.
ಜಾಕ್ ಏರಿಸಿ ಟಾರ್ಚು ಹಿಡಿದರೆ
ಎಡ ಮುಂಗಾಲಿನ ಸ್ಪ್ರಿಂಗು, ಕೆಳಗಿನ ಸುತ್ತು ತುಂಡು,
ಮುರಿದ ಬಾಯಿಗೂ ಆಗಲೇ ತುಕ್ಕು.
ಇದರ ಮೇಲೇ ಕೂತು ಹೋದವು
ಉರುವಲು ಹೆಂಟೆಯ ಮೂಟೆ, ಕುಂಟು ಟಗರು,
ಸ್ಟೋರ್ನೊವೇ ಆಸ್ಪತ್ರೆಗೆ ನಿನ್ನ ಟಾರ್ಕ್ವಿಲ್,
ಅವನ ಪಕ್ಕ ಆಮ್ಲಜನಕದ ಸಿಲಿಂಡರು.

‘ಜೋಡಿಯಾಗೇ ಹಾಕಬೇಕು’ ಅಂದೆ.
‘ಬಲಗಡೆಯದು ಗಟ್ಟಿ ಇದೆಯಲ್ಲ?’
‘ಇದೆ. ಆದರೂ.’
ಚೀಲದ ಜಿಪ್ಪು ಎಳೆದೆ, ಮುಚ್ಚಿದೆ, ಮತ್ತೆ ಎಳೆದೆ,
ಆಮೇಲೆ ದುಡ್ಡು ಎಣಿಸಿದೆ.
ಹಳೆಯವೆರಡನ್ನೂ ಕೇಳಿ ಒಯ್ದೆ,
ಕೋಳಿಗೂಡಿನ ಬಾಗಿಲಿಗಂತೆ.

ಮೂರು ದಿನ ಬಿಟ್ಟು ಫೋನಿನಲ್ಲಿ ದೂರು:
ಕಾರು ನೆಟ್ಟಗೆ ನಿಂತಿದೆ, ಸರಿ,
ದೀಪ ಮಾತ್ರ ಈಗ ಬರೀ ರಸ್ತೆಯನ್ನೇ ತೋರಿಸುತ್ತದೆ.
ಮೊದಲಾದರೆ
ಚರಂಡಿಯಂಚಿಗೆ ಮಲಗಿದ ಕುರಿಗಳ ಕಣ್ಣುಗಳು
ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು
ಮನೆವರೆಗೂ.

ಬಂದು ತಿರುಗಿಸಿಕೊಡಲೇ, ಸ್ವಲ್ಪ, ಎಡಕ್ಕೆ?
ಕಾನೂನು ಒಪ್ಪುವುದಿಲ್ಲ.
ಸ್ಕ್ರೂಡ್ರೈವರು ಜೇಬಿನಲ್ಲಿದೆ.